ಹಳೆ ಕೋವಿಗೆ ಹೊಸ ತೋಟಾ

ಮದ್ದುಗುಂಡಿನ ಬಗೆ ಬದಲಾದಾಗಲೆಲ್ಲ ಕೋವಿ ಹಿಡಿದವರ ಮುಂದೆ ಎರಡು ದಾರಿ ಇರುತ್ತವೆ. ಕೈಯಲ್ಲಿರುವ ಕೋವಿಯನ್ನೇ ತಿದ್ದಿ ಹೊಸ ಮದ್ದಿಗೆ ಒಗ್ಗಿಸಿಕೊಳ್ಳಬಹುದು, ಇಲ್ಲವೇ ಹೊಸ ಮದ್ದಿಗೆಂದೇ ಮಾಡಿದ ಬೇರೆ ಕೋವಿ ಕೊಳ್ಳಬಹುದು. ಸೆಂಟರ್‌ಫೈರ್ ಪಿಸ್ತೂಲಿಗೆ .22 ರಿಮ್‌ಫೈರ್ ಕನ್ವರ್ಷನ್ ಕಿಟ್, ಅಂದರೆ ತೋಟಾದ ಬಗೆ ಬದಲಿಸುವ ಬಿಡಿಭಾಗಗಳ ಜೋಡಣೆ, ಕೂರಿಸುವುದೋ, .22ರ ಪಿಸ್ತೂಲನ್ನೇ ಬೇರೆಯಾಗಿ ಇಟ್ಟುಕೊಳ್ಳುವುದೋ ಎಂದು ಇಂದಿನ ಗುರಿಕಾರರು ತೂಗಿ ನೋಡುವುದು ಈ ಹಳೆಯ ಪ್ರಶ್ನೆಯನ್ನೇ. ಚಿತ್ರದುರ್ಗದ ಸೀಮೆಯಲ್ಲಿ ಕೋವಿಯ ಚರಿತ್ರೆಯನ್ನು ಗಮನಿಸಿದರೆ ಈ ಪ್ರಶ್ನೆಯನ್ನು ತೀರ್ಮಾನಿಸುವುದು ಯಂತ್ರದ ಗುಣ ಮಾತ್ರವಲ್ಲ ಎಂದು ತಿಳಿಯುತ್ತದೆ. ಮದ್ದು ಎಲ್ಲಿ ಸಿಗುತ್ತದೆ, ಸರ್ಕಾರ ಯಾವುದಕ್ಕೆ ಒಪ್ಪುತ್ತದೆ ಎಂಬುದೂ ಅಷ್ಟೇ ಮುಖ್ಯ.

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಬೇಡರ ಒಂದು ಪಂಗಡವಾದ ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ, ಅಂದರೆ ಕುಲದ ಆಡಳಿತ ಕೇಂದ್ರಗಳಲ್ಲಿ, ಒಂದು. ದನ ಕಾಯುವುದು, ದೇವರ ಎತ್ತುಗಳನ್ನು ಸಾಕುವುದು, ಬೇಟೆಯಾಡುವುದು ಈ ಸಮುದಾಯದ ಹಳೆಯ ಬದುಕು. ಕುರುಚಲು ಕಾಡು, ಹುಲ್ಲುಗಾವಲಿನ ಕಾವಲುಗಳು, ನಡುನಡುವೆ ಕಲ್ಲುಗುಡ್ಡ ಇರುವ ಈ ಬಯಲಿನಲ್ಲಿ ಬೇಟೆಗೆ ಬಲೆ, ನಾಯಿ, ಈಟಿ, ಬಿಲ್ಲು ಸಾಕಾಗುತ್ತಿದ್ದವು. ತುಪಾಕಿ ಈ ಸೀಮೆಯ ಬೇಡರ ಕೈಗೆ ಬಂದದ್ದು ಮುಖ್ಯವಾಗಿ ಯುದ್ಧದ ದಾರಿಯಲ್ಲಿ. ಚಿತ್ರದುರ್ಗದ ಪಾಳೆಯಗಾರರ ಕಾಲಾಳುಪಡೆಯ ಬಲವೇ ಬೇಡರಾಗಿದ್ದರು.

ಆ ಕಾಲದ ತುಪಾಕಿ ಬತ್ತಿಯ ಕೋವಿ, ಅಂದರೆ ಜಾಮಗಿ ಕೋವಿ. ಬಾಯಿಯ ಕಡೆಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ತುರುಕಿ, ಕಿವಿಯ ಬಟ್ಟಲಿಗೆ ಚಿಟಿಕೆ ಮದ್ದಿಟ್ಟು, ಉರಿಯುವ ಬತ್ತಿಯನ್ನು ಅದಕ್ಕೆ ತಾಗಿಸಬೇಕು. ಮಳೆ ಬಂದರೆ ಕೆಲಸ ಕೆಟ್ಟಿತು. ಆದರೆ ಅದಕ್ಕೆ ಒಂದು ದೊಡ್ಡ ಅನುಕೂಲವಿತ್ತು: ಬೇಕಾದದ್ದೆಲ್ಲ ಊರಲ್ಲೇ ಆಗುತ್ತಿತ್ತು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದರೆ ಮದ್ದು. ಸೀಸ ಕರಗಿಸಿ ಅಚ್ಚಿಗೆ ಹೊಯ್ದರೆ ಗುಂಡು. ನಳಿಗೆ ಬಿರಿದರೆ ಕಮ್ಮಾರ. ಚಿತ್ರದುರ್ಗದ ಕೋಟೆಯೊಳಗೆ ಇಂದಿಗೂ ಒಂದು ಗುಂಡಿಯಲ್ಲಿ ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ಮದ್ದು ಅರೆಯಲು ಇದ್ದ ಕಲ್ಲುಗಳೆಂದೇ ಅವನ್ನು ತೋರಿಸುತ್ತಾರೆ. ಒಬ್ಬಿಬ್ಬರ ತೋಳಬಲದಿಂದ ಅಲುಗುವ ಕಲ್ಲುಗಳಲ್ಲ ಅವು. ಒಂದು ಪಾಳೆಯಪಟ್ಟು ತನ್ನ ಮದ್ದನ್ನು ತಾನೇ ಮಾಡಿಕೊಳ್ಳುತ್ತಿದ್ದ ಪ್ರಮಾಣ ಅಲ್ಲಿ ನಿಂತರೆ ತಿಳಿಯುತ್ತದೆ.

1779ರಲ್ಲಿ ಹೈದರಾಲಿ ಮದಕರಿನಾಯಕನಿಂದ ಕೋಟೆಯನ್ನು ಗೆದ್ದುಕೊಂಡ. ದುರ್ಗದ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರಲ್ಲಿನ ಹುಡುಗರನ್ನು ಚೇಲಾ ಎಂಬ ದಾಸಪಡೆಗಳಾಗಿ ಕಟ್ಟಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಪಾಳೆಯಗಾರರ ಪಡೆಗಳಿಗೆ ಕೆಲಸವೇ ಉಳಿಯಲಿಲ್ಲ. ಹಳ್ಳಿಯಲ್ಲಿ ಉಳಿದ ಕೋವಿ ಬೇಟೆಗೂ ಬೆಳೆ ಕಾವಲಿಗೂ ಒದಗುವ ಸಾಮಾನಾಯಿತು.

ತಿದ್ದುವ ಮೊದಲ ದೊಡ್ಡ ಅಲೆ ಬಂದದ್ದು 19ನೇ ಶತಮಾನದಲ್ಲಿ. ತಾಮ್ರದ ಪುಟ್ಟ ಟೋಪಿಯೊಳಗೆ ಸಿಡಿಮದ್ದು ತುಂಬಿದ ಕೇಪು ಬಂದಾಗ ಬತ್ತಿಯ ಬದಲು ಕಿಡಿಯಿಂದ ಹೊತ್ತುತ್ತಿದ್ದ ಚಕಮಕಿ ಕಲ್ಲಿನ ಕೋವಿಗಳನ್ನು ಎಸೆಯಬೇಕಾಗಲಿಲ್ಲ. ಕಿವಿಯ ಬಟ್ಟಲು ತೆಗೆದು ಕೇಪು ಕೂರುವ ಮೊಲೆ ಬಿಗಿದು, ಕಲ್ಲು ಕಚ್ಚುತ್ತಿದ್ದ ಕುದುರೆಯ ಬದಲು ಸುತ್ತಿಗೆಯಂಥ ಕುದುರೆ ಹಾಕಿದರೆ ಹಳೆ ನಳಿಗೆ ಹೊಸದಾಯಿತು. ಬ್ರಿಟಿಷ್ ಸೈನ್ಯ ಇದೇ ಲೆಕ್ಕವನ್ನು ಇನ್ನೂ ದೊಡ್ಡದಾಗಿ ಹಾಕಿತು. 1866ರಲ್ಲಿ ಅದು ಬಾಯಿಂದ ತುಂಬುವ ಎನ್‌ಫೀಲ್ಡ್ ಬಂದೂಕುಗಳ ಹಿಂಬದಿಯನ್ನು ಕೊಯ್ದು, ಜೇಕಬ್ ಸ್ನೈಡರನ ಮುಚ್ಚಳ ಕೂರಿಸಿ, ಹಿಂದಿನಿಂದ ತೋಟಾ ಹಾಕುವಂತೆ ತಿದ್ದಿತು. 1871ರಲ್ಲಿ ತೋಟಾಗೆಂದೇ ರೂಪಿಸಿದ ಮಾರ್ಟಿನಿ-ಹೆನ್ರಿ ಬಂದಾಗ ಸ್ನೈಡರ್ ಹಿಂದೆ ಸರಿಯಿತು. ತಿದ್ದಿದ್ದು ಅವಸರಕ್ಕೆ ಒದಗಿತು, ಉಳಿದದ್ದು ಹೊಸದೇ.

ಹಳ್ಳಿಗಳಲ್ಲಿ ಲೆಕ್ಕ ಬೇರೆಯೇ ಇತ್ತು. ಕೇಪನ್ನು ಕಮ್ಮಾರ ಮಾಡಲಾರ; ಅದು ಅಂಗಡಿಯಿಂದ ಬರಬೇಕು. ಇದರ ಜೊತೆಗೆ ಕಾನೂನೂ ಬಂತು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಪಡೆ ಬಂದು ಊರನ್ನು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಈ ಘಟನೆಯ ಮೇಲೆ ಹುಟ್ಟಿದ ಲಾವಣಿಯನ್ನು ಮುಂದೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ. 1878ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯನ್ನು ಬ್ರಿಟಿಷ್ ಭಾರತದ ಉದ್ದಗಲಕ್ಕೂ ಹಬ್ಬಿಸಿತು. ಕೊಡವರಿಗೆ ವಿನಾಯಿತಿ ಸಿಕ್ಕಿತು. ಬಯಲುಸೀಮೆಯ ಬೇಡರಿಗೆ ಅಂಥ ಭಾಗ್ಯವಿರಲಿಲ್ಲ.

ರಿಮ್‌ಫೈರ್ ಹುಟ್ಟಿದ್ದು ಇದೇ ಶತಮಾನದಲ್ಲಿ, ದೂರದ ಪ್ಯಾರಿಸಿನಲ್ಲಿ. 1845ರ ಸುಮಾರಿಗೆ ಫ್ಲೋಬೆರ್ ಎಂಬವನು ಕೇಪಿಗೇ ಪುಟ್ಟ ಗುಂಡು ಸಿಕ್ಕಿಸಿ, ಮನೆಯೊಳಗೆ ಗುರಿ ಹೊಡೆಯುವ ಆಟದ ಕೋವಿ ಮಾಡಿದ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ .22 ಶಾರ್ಟ್ ತೋಟಾದ ರಿವಾಲ್ವರ್ ತಂದಿತು. 1887ರಲ್ಲಿ ಬಂದ .22 ಲಾಂಗ್ ರೈಫಲ್ ತೋಟಾ ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿದೆ. ರಿಮ್‌ಫೈರ್ ತೋಟಾದಲ್ಲಿ ಸಿಡಿಮದ್ದು ಸೆಂಟರ್‌ಫೈರಿನಲ್ಲಿರುವಂತೆ ತಳದ ನಡುವೆ ಇರುವುದಿಲ್ಲ. ತಳದ ಅಂಚನ್ನು ಮಡಿಸಿ, ಆ ಮಡಿಕೆಯೊಳಗೆ ಅದನ್ನು ಹರಡಿರುತ್ತಾರೆ. ಪಿನ್ನು ಅಂಚನ್ನು ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ಅಂಚು ಜಜ್ಜಿಹೋಗಬೇಕಾದರೆ ಲೋಹ ತೆಳ್ಳಗಿರಬೇಕು, ತೆಳ್ಳಗಿದ್ದರೆ ಹೆಚ್ಚು ಒತ್ತಡ ತಡೆಯದು. ಆದ್ದರಿಂದ ರಿಮ್‌ಫೈರ್ ಕೈಗೆ ಹಗುರ, ಕಿವಿಗೆ ಮೃದು, ಜೇಬಿಗೆ ಅಗ್ಗ. ಒಮ್ಮೆ ಹೊಡೆದ ತೋಟಾವನ್ನು ಮತ್ತೆ ತುಂಬುವಂತಿಲ್ಲ.

ಈ ಅಗ್ಗದ ತೋಟಾ ಸೈನ್ಯಗಳ ಕಣ್ಣಿಗೆ ಬೀಳದಿರಲಿಲ್ಲ. ಬ್ರಿಟಿಷರು 19ನೇ ಶತಮಾನದ ಕೊನೆಯಲ್ಲಿ ಮಾರ್ಟಿನಿಯ ನಳಿಗೆಯೊಳಗೆ ಇನ್ನೊಂದು ಸಣ್ಣ ನಳಿಗೆ ತೂರಿಸಿ ಅಭ್ಯಾಸ ಮಾಡಿಸುತ್ತಿದ್ದರು. ಮಾರಿಸ್ ಟ್ಯೂಬ್ ಎಂಬ ಆ ಸಾಧನದ ತೋಟಾ ರಿಮ್‌ಫೈರ್ ಅಲ್ಲ, ಸಣ್ಣ ಸೆಂಟರ್‌ಫೈರ್. ಆದರೂ ಇಂದಿನ ಕನ್ವರ್ಷನ್ ಕಿಟ್ಟಿನ ಮುತ್ತಜ್ಜ ಅದೇ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ತಮ್ಮ ಸಿಪಾಯಿಗಳ ಗುರಿ ಸಾಲದೆಂದು ಕಂಡ ಮೇಲೆ .22 ಅಭ್ಯಾಸಕ್ಕೆ ಒತ್ತು ಸಿಕ್ಕಿತು. ಹಳೆಯ ಸೈನ್ಯದ ಬಂದೂಕುಗಳನ್ನೇ .22ಕ್ಕೆ ತಿದ್ದಿ 1907ರಿಂದ ಕೊಡತೊಡಗಿದರು. ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ತಿದ್ದುವ ಕೆಲಸ ಬೇರೊಂದು ದಿಕ್ಕಿಗೂ ಹೋಯಿತು: .303 ಬಂದೂಕನ್ನು ಒಂದೇ ತೋಟಾದ, ಒಳಗೆರೆಯಿಲ್ಲದ .410 ಮಸ್ಕೆಟ್ಟಾಗಿ ಮಾಡಿ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ಕದ್ದರೂ .303 ತೋಟಾ ಹಾಕಿ ಹೊಡೆಯಲಾಗಬಾರದು ಎಂಬುದೇ ಅದರ ಉದ್ದೇಶ. ತಿದ್ದುವುದು ಉಳಿತಾಯಕ್ಕಷ್ಟೇ ಅಲ್ಲ, ನಂಬಿಕೆಯಿಲ್ಲದ ಕಡೆ ಹಿಡಿತಕ್ಕೂ ಒದಗಿತ್ತು. ಸ್ವಾತಂತ್ರ್ಯದ ನಂತರ 1948ರಲ್ಲಿ ಹುಟ್ಟಿದ ಎನ್‌ಸಿಸಿ .22 ರೈಫಲನ್ನು ಕಾಲೇಜು ಹುಡುಗರ ಕೈಗಿಟ್ಟಿತು. ಪರವಾನಗಿಯ ಗೊಡವೆಯಿಲ್ಲದೆ ನಿಜವಾದ ಗುಂಡು ಹೊಡೆಯಲು ಬಯಲುಸೀಮೆಯ ರೈತರ ಮಕ್ಕಳಿಗೆ ಸಿಕ್ಕ ಅವಕಾಶ ಬಹುಮಟ್ಟಿಗೆ ಅದೊಂದೇ.

ಪಿಸ್ತೂಲಿನಲ್ಲಿ ತಿದ್ದುವುದು ಬಂದೂಕಿನಷ್ಟು ಸಲೀಸಲ್ಲ. ಅರೆಸ್ವಯಂಚಾಲಿತ ಪಿಸ್ತೂಲು ತನ್ನ ಒದೆತದಿಂದಲೇ ಮೇಲಿನ ಜಾರುಭಾಗವಾದ ಸ್ಲೈಡನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾ ಎಸೆದು, ಹೊಸದನ್ನು ಎಳೆದುಕೊಳ್ಳಬೇಕು. .22ರ ಗುಂಡಿನ ತೂಕ ಸುಮಾರು 2.6 ಗ್ರಾಂ, 9 ಎಂಎಂ ಗುಂಡಿನದು ಸಾಮಾನ್ಯವಾಗಿ 7.5 ಗ್ರಾಂ. ಭಾರದ ಉಕ್ಕಿನ ಸ್ಲೈಡನ್ನು ಸಣ್ಣ ತೋಟಾ ಅಲುಗಿಸಲಾರದು. ಕೋಲ್ಟ್ ಕಂಪನಿ 1931ರಲ್ಲಿ ಸ್ಲೈಡನ್ನು ಹಗುರ ಮಾಡಿ ‘ಏಸ್’ ಎಂಬ .22 ಪಿಸ್ತೂಲು ತಂದಿತು. 1937ರಲ್ಲಿ ಡೇವಿಡ್ ವಿಲಿಯಮ್ಸ್ ರೂಪಿಸಿದ ತೇಲುವ ಚೇಂಬರ್, ಅಂದರೆ ತೋಟಾ ಕೂರುವ ಅಲುಗುವ ಗೂಡು, ಬಂತು. ಚೇಂಬರೇ ಹಿಂದಕ್ಕೆ ಸರಿದು ಸ್ಲೈಡಿಗೆ ಗುದ್ದು ಕೊಡುವುದರಿಂದ ಸಣ್ಣ ತೋಟಾದ ಒದೆತ ದೊಡ್ಡದರಂತೆ ತೋರುತ್ತಿತ್ತು. ಮರುವರ್ಷ ಅದೇ ಏರ್ಪಾಟನ್ನು .45 ಪಿಸ್ತೂಲಿಗೆ ಕೂರಿಸುವ ಕಿಟ್ಟಾಗಿ ಮಾರಿದರು. ಸೀಸದ ಮಸಿ ಚೇಂಬರಿನ ಸುತ್ತ ಕಟ್ಟಿಕೊಂಡು ಅದು ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಅದರ ದೊಡ್ಡ ತೊಡಕು. ಈಗಿನ ಕಿಟ್ಟುಗಳು ಹೆಚ್ಚಾಗಿ ಹಗುರ ಅಲ್ಯೂಮಿನಿಯಂ ಸ್ಲೈಡಿನವು. ಸ್ಲೈಡು, ನಳಿಗೆ, ಸ್ಪ್ರಿಂಗು, ಮ್ಯಾಗಜೀನು ಬದಲಾಗುತ್ತವೆ, ಹಿಡಿಯೂ ಟ್ರಿಗರೂ ಹಳೆಯವೇ ಉಳಿಯುತ್ತವೆ.

ಕಿಟ್ಟಿನ ಪರವಾಗಿ ಇರುವ ವಾದ ಇದೇ: ಬೆರಳು ಪಳಗಿದ ಟ್ರಿಗರಿನಲ್ಲೇ ಅಗ್ಗದ ತೋಟಾ ಸುಡಬಹುದು. ಬೇರೆ ಪಿಸ್ತೂಲಿನ ಪರವಾದ ವಾದ ಇದಕ್ಕಿಂತ ಹಳೆಯದು. ಕೋಲ್ಟ್ ಕಂಪನಿಯೇ 1915ರಲ್ಲಿ .22ಕ್ಕೆಂದೇ ಮಾಡಿದ ಪಿಸ್ತೂಲು ಹೊರತಂದಿತ್ತು. ಮುಂದೆ ‘ವುಡ್ಸ್‌ಮನ್’ ಎಂದು ಹೆಸರಾದದ್ದು ಅದೇ. 1949ರಲ್ಲಿ ರೂಗರ್ ಕಂಪನಿ 37.50 ಡಾಲರಿಗೆ ಒಂದು .22 ಪಿಸ್ತೂಲು ಮಾರತೊಡಗಿದ ಮೇಲೆ ಬೇರೆ ಪಿಸ್ತೂಲು ದುಬಾರಿ ಎಂಬ ಮಾತಿಗೆ ಬೆಲೆಯೇ ಇಲ್ಲವಾಯಿತು. ಇಂಥ ಪಿಸ್ತೂಲುಗಳಲ್ಲಿ ನಳಿಗೆ ಚೌಕಟ್ಟಿಗೆ ಬಿಗಿದಿರುತ್ತದೆ, ಅಲುಗುವುದು ಹಿಂಬದಿಯ ಬೋಲ್ಟು ಮಾತ್ರ. ಗುರಿ ಗಟ್ಟಿ, ತೋಟಾ ಸಿಕ್ಕಿಕೊಳ್ಳುವುದೂ ಕಡಿಮೆ.

ಭಾರತದಲ್ಲಿ ಈ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ. 9 ಎಂಎಂ, .38, .455 ಮುಂತಾದ ಸೈನ್ಯ, ಪೊಲೀಸರ ಬೋರುಗಳು ನಾಗರಿಕರಿಗೆ ನಿಷೇಧಿತ. ಹೊರದೇಶಗಳ ಕಿಟ್ಟುಗಳೋ ಹೆಚ್ಚಾಗಿ 9 ಎಂಎಂ ಅಥವಾ .45 ಪಿಸ್ತೂಲಿಗೆ ಹೊಂದುವಂಥವು. ಮೂಲ ಪಿಸ್ತೂಲೇ ಇಡುವಂತಿಲ್ಲದ ಮೇಲೆ ಅದರ ಕಿಟ್ಟಿಗೆ ಏನು ಕೆಲಸ? ಕಾಯ್ದೆಯ ಅರ್ಥದಲ್ಲಿ ಆಯುಧದ ಭಾಗಗಳೂ ಆಯುಧವೇ ಆದ್ದರಿಂದ ನಳಿಗೆ, ಸ್ಲೈಡುಗಳನ್ನು ಬಿಡಿಸಾಮಾನಿನಂತೆ ತರಿಸಿಕೊಳ್ಳಲಾಗದು. ಕೋವಿಯನ್ನು ಪರಿವರ್ತಿಸುವ ಕಸುಬಿಗೂ ಪರವಾನಗಿ ಬೇಕು. ಒಂದು ಕಾಲಕ್ಕೆ ಊರ ಕಮ್ಮಾರ ಮಾಡುತ್ತಿದ್ದದ್ದನ್ನು ಇಂದು ಮಾಡಿದರೆ ಅಪರಾಧ. 2019ರ ತಿದ್ದುಪಡಿ ಸಾಮಾನ್ಯ ಪರವಾನಗಿದಾರರ ಕೋವಿಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕ್ರೀಡಾ ಗುರಿಕಾರರಿಗೆ ಮಿತಿ ಬೇರೆ, ಹೆಚ್ಚು ಉದಾರ.

ತಿದ್ದುವ ದಾರಿ ಇಲ್ಲಿ ಅರ್ಥ ಪಡೆಯುವುದು ಸ್ಪರ್ಧೆಯ ಕಣದಲ್ಲಿ ಮಾತ್ರ. 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಗೆ .32 ಪಿಸ್ತೂಲು ಸಲ್ಲುತ್ತದೆ, ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಗೆ .22 ಬೇಕು. 1968ರಲ್ಲಿ ಬಂದ ಜರ್ಮನಿಯ ವಾಲ್ಥರ್ ಜಿಎಸ್‌ಪಿ ಇವೆರಡಕ್ಕೂ ಒಂದೇ ಹಿಡಿ ಕೊಟ್ಟಿತು. ಮೇಲಿನ ಭಾಗ ಬದಲಿಸಿದರೆ .22 ಇದ್ದದ್ದು .32 ಆಗುತ್ತದೆ. ಎರಡೂ ಸ್ಪರ್ಧೆಗಳಲ್ಲಿ ಟ್ರಿಗರಿನ ಕನಿಷ್ಠ ಭಾರ 1,000 ಗ್ರಾಂ ಆಗಿರುವುದರಿಂದ ಇದು ಹೊಂದುತ್ತದೆ. ಆದರೆ ಅಂತರರಾಷ್ಟ್ರೀಯ ಸೆಂಟರ್‌ಫೈರ್ ಪುರುಷರ ಸ್ಪರ್ಧೆ. ಮಹಿಳೆಯರ 25 ಮೀಟರ್ ಸ್ಪರ್ಧೆ ಪೂರ್ತಿ .22ರದ್ದು. ಅಲ್ಲಿ ಕಿಟ್ಟಿನ ಮಾತೇ ಬರುವುದಿಲ್ಲ. 50 ಮೀಟರ್ ಪಿಸ್ತೂಲಿನಲ್ಲೂ ಹಾಗೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಆ ಸ್ಪರ್ಧೆಯಲ್ಲಿ ಬಳಸುವುದು ಒಮ್ಮೆಗೆ ಒಂದೇ ತೋಟಾ ಹಾಕುವ, ಕೈಗೆ ತಕ್ಕಂತೆ ಮರದ ಹಿಡಿ ಕೆತ್ತಿದ, ಬೇರಾವುದಕ್ಕೂ ಒದಗದ ಪಿಸ್ತೂಲು. 2016ರ ರಿಯೋ ನಂತರ ಆ ಸ್ಪರ್ಧೆಯನ್ನು ಒಲಿಂಪಿಕ್ಸಿನಿಂದ ಕೈಬಿಟ್ಟರು. ಒಂದೇ ಕೆಲಸಕ್ಕೆ ಮಾಡಿದ ಆಯುಧಕ್ಕೆ ಇರುವ ಅಪಾಯವೂ ಇದೇ.

ಚಳ್ಳಕೆರೆ, ಮೊಳಕಾಲ್ಮೂರಿನ ಹಳ್ಳಿಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಕಾನೂನಿನ ಹೊರಗಾಯಿತು. ಬೆಳೆ ರಕ್ಷಣೆಗೆ ಪರವಾನಗಿ ಪಡೆದ ರೈತರ ಕೋವಿ ಉದ್ದ ನಳಿಗೆಯದು. ಕಾಡುಹಂದಿ ಬೆದರಿಸಲು ಸದ್ದು ಬೇಕೇ ಹೊರತು .22ರ ಮೃದುತನವಲ್ಲ. ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸಿ ಬರಬೇಕು. ಗುರಿ ಹೊಡೆಯುವ ಆಸೆಯಿರುವ ಹುಡುಗ ಹುಡುಗಿಯರಿಗೆ ಮೊದಲು ಸಿಗುವುದು ಕಿಟ್ಟೂ ಅಲ್ಲ, ರಿಮ್‌ಫೈರೂ ಅಲ್ಲ, ಗಾಳಿಯ ಪಿಸ್ತೂಲು. .177 ಬೋರಿನ, 20 ಜೂಲ್ ಮೀರದ ಗಾಳಿಯ ಆಯುಧಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಡ, ತೋಟಾ ಬೇಡ, 10 ಮೀಟರ್ ಜಾಗವಿದ್ದರೆ ಸಾಕು. ಅಲ್ಲಿ ಅಂಕ ಗಳಿಸಿ, ಸ್ಪರ್ಧೆಗಳಲ್ಲಿ ಹೆಸರು ಮಾಡಿ, ಗುರಿಕಾರರ ಪರವಾನಗಿಗೆ ಅರ್ಹರಾದ ಮೇಲಷ್ಟೇ .22 ಕೈಗೆ ಬರುತ್ತದೆ, ಅದರಲ್ಲೂ .32 ಹೊಡೆಯುವ ಇರಾದೆ ಇರುವವರು ಮಾತ್ರ ಬದಲಿ ನಳಿಗೆಯ ಬಗ್ಗೆ ವಿಚಾರಿಸುತ್ತಾರೆ.