ಸಂದರ್ಶನ ಸಂಶೋಧನೆ: ಪ್ರಶ್ನೆ ಹುಟ್ಟುವಾಗಲೇ ಸಮುದಾಯ ಜೊತೆಗಿರಲಿ

ಎಷ್ಟು ಮಂದಿ ಎಂಬುದಕ್ಕಿಂತ ಏಕೆ, ಹೇಗೆ ಎಂಬುದನ್ನು ಅರಿಯಲು ಹೊರಡುವುದು ಗುಣಾತ್ಮಕ ಸಂಶೋಧನೆ. ದೀರ್ಘ ಸಂದರ್ಶನ ಅದರ ಮುಖ್ಯ ಸಾಧನ. ಯಾರ ಬದುಕಿನ ಬಗ್ಗೆ ಅಧ್ಯಯನವೋ ಅವರನ್ನು ಉತ್ತರಕ್ಕಾಗಿ ಮಾತ್ರ ಕರೆಯದೆ, ಪ್ರಶ್ನೆಗಳನ್ನು ರೂಪಿಸುವಾಗಲೇ ಜೊತೆಗೆ ಕೂರಿಸಿಕೊಳ್ಳುವುದು ಸಮುದಾಯ ಸಹಭಾಗಿತ್ವ.

ಸಾನ್ ಜನರ ಸಂಹಿತೆ

ಆಫ್ರಿಕಾದ ದಕ್ಷಿಣ ಭಾಗದ ಸಾನ್ ಜನರನ್ನು ಸಂಶೋಧಕರು ತಲೆಮಾರುಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. 2010ರಲ್ಲಿ ನಮೀಬಿಯಾದ ನಾಲ್ವರು ಸಾನ್ ಹಿರಿಯರ ಜೀನೋಮ್ ಅಧ್ಯಯನ ಪ್ರಕಟವಾದಾಗ, ಒಪ್ಪಿಗೆ ಪಡೆದ ಕ್ರಮವನ್ನೂ ಬಳಸಿದ ಭಾಷೆಯನ್ನೂ ಸಮುದಾಯದ ನಾಯಕರು ಪ್ರಶ್ನಿಸಿದರು. 2017ರಲ್ಲಿ ದಕ್ಷಿಣ ಆಫ್ರಿಕಾದ ಸಾನ್ ಮಂಡಳಿ ತನ್ನದೇ ಸಂಶೋಧನಾ ಸಂಹಿತೆಯನ್ನು ಕೇಪ್‌ಟೌನ್‌ನಲ್ಲಿ ಬಿಡುಗಡೆ ಮಾಡಿತು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅದರ ತಳಹದಿ. ಅದರ ಪ್ರಕಾರ ಸಂಶೋಧಕರು ಪಂಡಿತರ ಪರಿಭಾಷೆ ಬಿಟ್ಟು ತಿಳಿಯುವಂತೆ ಮಾತಾಡಬೇಕು. ಸ್ಥಳೀಯರಿಗೆ ಸಹಸಂಶೋಧಕರಾಗಿ, ಅನುವಾದಕರಾಗಿ ಅವಕಾಶ ಕೊಡಬೇಕು. ಈ ಸಂಹಿತೆ ಜೀನೋಮ್ ಅಧ್ಯಯನಕ್ಕೆ ಎಷ್ಟೋ, ಸಂದರ್ಶನ ಸಂಶೋಧನೆಗೂ ಅಷ್ಟೇ ಅನ್ವಯ.

ಯೋಜನೆಯಲ್ಲಿ ಸಮುದಾಯದ ಕೈ

ಸಮುದಾಯ ಜೊತೆಗೆ ಕೂತಾಗ ಮೊದಲ ಬದಲಾವಣೆ ಪ್ರಶ್ನೆಯಲ್ಲೇ ಕಾಣುತ್ತದೆ. ಉದಾಹರಣೆಗೆ, ರೋಗಿಗಳ ಅಧ್ಯಯನದಲ್ಲಿ ‘ಚಿಕಿತ್ಸೆಯನ್ನು ನಡುವೆ ಏಕೆ ಬಿಟ್ಟಿರಿ?’ ಎಂಬ ಪ್ರಶ್ನೆಯಲ್ಲಿ ಆರೋಪದ ಧ್ವನಿಯಿದೆ. ರೋಗಿಯಾಗಿದ್ದವರು ಅದನ್ನು ತಟ್ಟನೆ ಗುರುತಿಸುತ್ತಾರೆ. ‘ಆಸ್ಪತ್ರೆಗೆ ಹೋಗಿಬರುವುದು ಹೇಗಿತ್ತು?’ ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಕೂಲಿಯವರನ್ನು ಹಗಲು ಕರೆಯಬಾರದು, ಅತ್ತೆಯ ಎದುರು ಸೊಸೆ ಮನಬಿಚ್ಚಲಾರಳು, ರೆಕಾರ್ಡರ್ ಕಂಡರೆ ಯಾರು ಹಿಂಜರಿಯುತ್ತಾರೆ ಎಂಬುದೆಲ್ಲ ಒಳಗಿನವರಿಗೆ ಗೊತ್ತು. ಆದರೆ ನೆರೆಯವರೇ ಸಂದರ್ಶಕರಾದರೆ ಗುಟ್ಟು ಊರೆಲ್ಲ ಹರಡುವ ಭಯವೂ ಇರುತ್ತದೆ. ಯಾರು ಸಂದರ್ಶಿಸಬೇಕು ಎಂಬುದನ್ನೂ ಸಮುದಾಯದವರನ್ನೇ ಕೇಳಿ ತೀರ್ಮಾನಿಸುವುದು ಒಳಿತು.

ಮೈಸೂರಿನ ಮಾದರಿ

ಲೈಂಗಿಕ ಕಾರ್ಯಕರ್ತರು 2005ರಲ್ಲಿ ಕಟ್ಟಿದ ಮೈಸೂರಿನ ಆಶೋದಯ ಸಮಿತಿ ಎಚ್‌ಐವಿ ತಡೆ ಸೇವೆಯ ಜೊತೆಗೆ ಸಂಶೋಧನೆಯಲ್ಲೂ ಪಾಲುದಾರ ಸಂಸ್ಥೆಯಾಗಿದೆ. ಅಧ್ಯಯನದ ವಸ್ತುವೆಂದೇ ಎಣಿಸಲ್ಪಡುತ್ತಿದ್ದವರು ಇಲ್ಲಿ ಸಂಶೋಧಕರ ಸಮಕ್ಕೆ ಕೂರುತ್ತಾರೆ.

ತೋರಿಕೆ ಯಾವುದು, ನಿಜ ಯಾವುದು

ಅಮೆರಿಕದ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ವಿವರಿಸಿದರು. ಬರಿಯ ಸಲಹೆ ಕೇಳುವುದು ನಡುವಿನ ಮೆಟ್ಟಿಲು. ನಿರ್ಧಾರದ ಅಧಿಕಾರ ಮೇಲಿನದು. ಸಭೆಗೆ ಕರೆದು ಚಹಾ ಕೊಟ್ಟು ಸಹಿ ಪಡೆಯುವುದನ್ನು ಸಹಭಾಗಿತ್ವ ಎನ್ನಲಾಗದು. ಕಳೆದುಕೊಂಡ ದಿನಗೂಲಿ, ಬಸ್ ಚಾರ್ಜು, ಮಾಡಿದ ಕೆಲಸಕ್ಕೆ ಗೌರವಧನ ಮೊದಲ ಬಜೆಟ್‌ನಲ್ಲೇ ಇರಬೇಕು. ನಮ್ಮ ವಿಶ್ವವಿದ್ಯಾಲಯಗಳ ನೈತಿಕ ಸಮಿತಿಗಳು ಪ್ರತಿ ಸಂಶೋಧನಾ ಪ್ರಸ್ತಾವಕ್ಕೂ ಒಂದು ಪ್ರಶ್ನೆ ಕೇಳಲಿ: ಈ ಪ್ರಶ್ನಾವಳಿ ಬರೆಯುವಾಗ ಜೊತೆಗೆ ಕೂತವರು ಯಾರು?