ಈಳಿಗೆಯ ಉಕ್ಕು

ಚಾಕು ಕೊಳ್ಳಲು ಹೋದವರು ಮೊದಲು ಹಿಡಿಯ ಬಣ್ಣ ನೋಡುತ್ತಾರೆ, ಆಮೇಲೆ ಅಲಗಿನ ಹೊಳಪು. ತರಕಾರಿ ಹೆಚ್ಚುವುದಕ್ಕೆ ಇವೆರಡರಿಂದಲೂ ಏನೂ ಆಗಬೇಕಾದ್ದಿಲ್ಲ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತನಾದವನು, ಅಡುಗೆ ನನ್ನ ಹಳೇ ಚಟ. ಹೀಗಾಗಿ ಅಕ್ಕನ ಮಗಳು ಬೆಂಗಳೂರಿನಲ್ಲಿ ಹೊಸದಾಗಿ ಮನೆ ಹೂಡುವಾಗ ಫೋನ್ ಮಾಡಿ, "ಮಾವ, ಅಡುಗೆಮನೆಗೆ ಯಾವ ಚಾಕು ತಗೊಳ್ಳಲಿ?" ಅಂತ ಕೇಳಿದ್ದು ಒಂದು ರೀತಿಯಲ್ಲಿ ಅವಳದೇ ತಪ್ಪು. ಅವಳಿಗೆ ಬೇಕಾಗಿದ್ದದ್ದು ಒಂದು ಕಂಪನಿಯ ಹೆಸರು. ನಾನು ಚನ್ನರಾಯನದುರ್ಗದಿಂದ ಶುರು ಮಾಡಿದೆ.

ಚನ್ನರಾಯನದುರ್ಗ ನಮ್ಮ ಕೊರಟಗೆರೆ ತಾಲ್ಲೂಕಿನ ಊರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ನೋಡಿ ಬರೆದುಕೊಂಡು ಬರಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಆತ ಬೆಳೆ, ಮಣ್ಣು, ಜಾತಿ, ಕಸುಬು ಯಾವುದನ್ನೂ ಬಿಡದೆ ಬರೆದ. ಆ ಬರಹ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ನಮ್ಮ ಕಡೆಯ ಕಬ್ಬಿಣದ ಕೆಲಸವೂ ಇದೆ. ಮಳೆಗಾಲದಲ್ಲಿ ಬೆಟ್ಟದಿಂದ ಇಳಿಯುವ ನೀರು ಹಳ್ಳಗಳಿಗೆ ಕರಿ ಮರಳನ್ನು ಹೊತ್ತು ತರುತ್ತಿತ್ತು. ಅದನ್ನು ಬಳಿದು ತಂದು, ಇದ್ದಿಲಿನ ಜೊತೆ ಮಣ್ಣಿನ ಒಲೆಗೆ ಹಾಕಿ, ತಿದಿ ಒತ್ತಿ ಕಬ್ಬಿಣ ಇಳಿಸುತ್ತಿದ್ದರು.

ಉಕ್ಕು ಮಾಡುವುದು ಅದರ ಮುಂದಿನ ಹೆಜ್ಜೆ. ಬಡಿದು ಹದ ಮಾಡಿದ ಕಬ್ಬಿಣದ ತುಂಡನ್ನು ಹಸಿ ಮಣ್ಣಿನ ಚಿಕ್ಕ ಮೂಸೆಯೊಳಗೆ ಇಟ್ಟು, ಜೊತೆಗೆ ತಂಗಡಿಯ ಕಡ್ಡಿ, ಒಂದು ಬಳ್ಳಿಯ ಎರಡು ಹಸಿರೆಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಇಂಥ ಮೂಸೆಗಳನ್ನು ಒಲೆಯಲ್ಲಿ ಪೇರಿಸಿ ಗಂಟೆಗಟ್ಟಲೆ ಊದಿದರೆ ಒಳಗೆ ಕಡ್ಡಿ, ಎಲೆ ಇದ್ದಿಲಾಗುತ್ತಿತ್ತು, ಅದರ ಇಂಗಾಲವನ್ನು ಕಬ್ಬಿಣ ಹೀರಿಕೊಳ್ಳುತ್ತಿತ್ತು. ತಣಿದ ಮೇಲೆ ಮೂಸೆ ಒಡೆದರೆ ಉಕ್ಕಿನ ಗಟ್ಟಿ. ತಂಗಡಿ ಎಂದರೆ ರಸ್ತೆ ಬದಿಯಲ್ಲಿ ಹಳದಿಯಾಗಿ ಅರಳಿ ನಿಂತಿರುತ್ತದಲ್ಲ, ಆ ಗಿಡ. ಈ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಹೆಚ್ಚು ಕಡಿಮೆ ಒಂದೂವರೆ ಪಾಲು. ಕಲ್ಲು ಒಡೆಯುವವರ ಉಳಿಗೆ, ಕತ್ತಿಯ ಅಲಗಿಗೆ, ವೀಣೆಯಂಥ ವಾದ್ಯಗಳ ತಂತಿಗೆ ಇಂಥದೇ ಉಕ್ಕು ಬೇಕಾಗುತ್ತಿತ್ತು. ಚನ್ನಪಟ್ಟಣ ಬೊಂಬೆಗೆ ಹೆಸರಾದಂತೆ ಹಿಂದೆ ಉಕ್ಕಿನ ತಂತಿಗೂ ಹೆಸರಾಗಿತ್ತು.

ಲಂಡನ್ನಿನಲ್ಲಿ ಈ ಉಕ್ಕಿನ ಬಗ್ಗೆ ದೊಡ್ಡ ಕುತೂಹಲ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದೆ ಹಿಂದೂಸ್ತಾನದ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ಕತ್ತರಿ ತಯಾರಕ, ಯೂರೋಪಿನ ಯಾವ ಉಕ್ಕಿಗಿಂತಲೂ ಇದೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿಕೊಂಡಿದ್ದ. ಅವನ ಜೊತೆ ಸೇರಿ ಇದರ ಗುಟ್ಟು ಬಿಡಿಸಲು ಕೂತವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯೇ. ಅವನಪ್ಪ ಕಮ್ಮಾರ ಎಂಬುದನ್ನು ಮಕ್ಕಳಿಗೆ ಹೇಳಿದಾಗ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ನಮ್ಮ ಅಡುಗೆಮನೆಗಳಿಗೆ ಆ ಉಕ್ಕು ಬರುತ್ತಿತ್ತೇ? ಹೆಚ್ಚೇನೂ ಬಂದಿರಲಾರದು ಎಂದು ನನ್ನ ಊಹೆ. ಅದು ದುಬಾರಿ, ಬಡಿಯುವಾಗ ಕಾವು ಸ್ವಲ್ಪ ಮಿತಿಮೀರಿದರೂ ಸೀಳುತ್ತದೆ. ಬದನೆಕಾಯಿ ಹೆಚ್ಚಲು ಅಷ್ಟು ಸಾಹಸ ಯಾರು ಮಾಡುತ್ತಾರೆ? ಈಳಿಗೆಗೆ ಊರ ಕುಲುಮೆಯ ಕಬ್ಬಿಣವೇ ಸಾಕಾಗಿತ್ತು. ಕಮ್ಮಾರ ಊರಿನ ಆಯಗಾರರಲ್ಲಿ ಒಬ್ಬ. ನೇಗಿಲ ಕುಳ ತಟ್ಟಿ ಕೊಡುವುದು, ಕುಡುಗೋಲಿಗೆ ಕಕ್ಕು ಹಾಕುವುದು, ಹೆಂಗಸರು ಕಳಿಸಿದ ಈಳಿಗೆಯ ಬಾಯಿ ಎಳೆದು ಕೊಡುವುದು ಅವನ ಪಾಲಿನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯದ ರಾಗಿ ತೆಗೆದುಕೊಂಡು ಹೋಗುತ್ತಿದ್ದ. ಮೊಂಡಾದ ಅಲಗನ್ನು ಸಹಿಸಿಕೊಳ್ಳಬೇಕಾದ ಕಾರಣವೇ ಯಾರಿಗೂ ಇರಲಿಲ್ಲ, ಹರಿತ ಮಾಡಿಸುವ ಖರ್ಚು ವರ್ಷದ ಲೆಕ್ಕದಲ್ಲೇ ಸೇರಿಹೋಗಿತ್ತು. ಕೊಳ್ಳುವ ಬೆಲೆಯಷ್ಟೇ ನೋಡಿ ಚಾಕು ಆರಿಸುವ ಇವತ್ತಿನವರಿಗೆ ನಾನು ಹೇಳಬೇಕೆಂದಿರುವುದೂ ಇದನ್ನೇ.

ಈಳಿಗೆಮಣೆಯ ಬಗ್ಗೆ ಒಂದಿಷ್ಟು ಹೆಚ್ಚಾಗಿಯೇ ಹೇಳುತ್ತೇನೆ. ನಮ್ಮ ಕಡೆ ಈಳಿಗೆ, ಕರಾವಳಿಯಲ್ಲಿ ಮೆಟ್ಟುಗತ್ತಿ. ಮರದ ಮಣೆಗೆ ಬಾಗಿದ ಅಲಗು ನೆಟ್ಟಿರುತ್ತದೆ, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಮಣೆಯ ಮೇಲೆ ಕೂತೋ ಕಾಲಿನಿಂದ ಮೆಟ್ಟಿಯೋ ಹಿಡಿದರೆ ಅಲಗು ಅಲುಗುವುದಿಲ್ಲ, ಎರಡೂ ಕೈ ತರಕಾರಿಯ ಮೇಲಿರುತ್ತವೆ. ಹಲಸಿನಕಾಯಿಯನ್ನು ಕೈಗೆ, ಅಲಗಿಗೆ ಎಣ್ಣೆ ಸವರಿಕೊಂಡು ಸೀಳುವಾಗ ಈ ಅನುಕೂಲ ಗೊತ್ತಾಗುತ್ತದೆ. ಹಿಡಿಚಾಕುವಿನಲ್ಲಿ ಹಲಸು ಕೊಯ್ಯುವುದು ಬೆರಳಿಗೆ ಬೇಕೆಂದೇ ಅಪಾಯ ತಂದುಕೊಂಡಂತೆ. ಗೋರಿಕಾಯಿಯನ್ನು ಹಿಡಿಗಟ್ಟಿ ಅಜ್ಜಿ ಹೆಚ್ಚುತ್ತಿದ್ದಷ್ಟು ಸಣ್ಣಗೆ ಹೆಚ್ಚಲು ನನಗೆ ಯಾವ ಚಾಕುವಿನಲ್ಲೂ ಬಂದಿಲ್ಲ. ಕೆಲಸ ಮುಗಿದರೆ ಈಳಿಗೆಯನ್ನು ಮಲಗಿಸಲೇಬೇಕು, ನಿಂತ ಈಳಿಗೆ ಮನೆಗೆ ಜಗಳ ತರುತ್ತದೆ ಎನ್ನುತ್ತಿದ್ದಳು. ತೆವಳುವ ಮಗುವಿರುವ ಮನೆಯಲ್ಲಿ ಈ ನಂಬಿಕೆಗೆ ಬೇರೆ ವಿವರಣೆ ಬೇಕಿಲ್ಲ. ಆಯುಧಪೂಜೆಯ ದಿನ ಮಚ್ಚಿನ ಪಕ್ಕದಲ್ಲಿ ಅದಕ್ಕೂ ಅರಿಶಿನ ಕುಂಕುಮ.

ಆ ಅಲಗಿಗೆ ಹುಳಿ ಆಗದು. ಮಾವಿನಕಾಯಿ, ನಿಂಬೆ ತಾಗಿದರೆ ಕಪ್ಪಾಗುತ್ತದೆ, ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು. ಬಾಳೆದಿಂಡು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವುದು ದಿಂಡು ಕಪ್ಪಾಗದಿರಲಿ ಎಂದು, ಅಲಗನ್ನು ಒಣಬಟ್ಟೆಯಿಂದ ಒರೆಸಿ ಕೊಬ್ಬರಿ ಎಣ್ಣೆ ಸವರುವುದು ಅಲಗು ಕೆಡದಿರಲಿ ಎಂದು.

ಮೂಸೆಯ ಉಕ್ಕು ಹತ್ತೊಂಬತ್ತನೆಯ ಶತಮಾನದಲ್ಲೇ ಸೊರಗಿತು. ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂತು, ಇದ್ದಿಲಿಗೆ ಕಾಡು ಕಡಿಯುವುದಕ್ಕೆ ಸರ್ಕಾರದ ಕಟ್ಟುಪಾಡು ಬಂತು. ವಿಶ್ವೇಶ್ವರಯ್ಯನವರ ಹಠದಿಂದ ಹುಟ್ಟಿದ ಭದ್ರಾವತಿ ಕಾರ್ಖಾನೆ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಿಲಿನಲ್ಲೇ ಕರಗಿಸಿ ಕಬ್ಬಿಣ ತೆಗೆಯಿತು. ಅಷ್ಟು ಹೊತ್ತಿಗೆ ಊರ ಕುಲುಮೆ ಗುಜರಿಗೆ ಒಗ್ಗಿಕೊಂಡಿತ್ತು. ಮುಂದೆ ಲಾರಿಗಳು ಹೆಚ್ಚಿದ ಮೇಲೆ ಆಚಾರ್ರ ಕೈಗೆ ಸಿಕ್ಕಿದ್ದು ಹಳೇ ಲಾರಿಯ ಸ್ಪ್ರಿಂಗ್ ಪಟ್ಟೆ. ಇಂಗಾಲ ನೂರಕ್ಕೆ ಸುಮಾರು ಅರ್ಧ ಪಾಲು ಇರುವ ಒಳ್ಳೆಯ ಉಕ್ಕು ಅದು. ಕಾಯಿಸಿ, ತಟ್ಟಿ, ನೀರಿಗೆ ಅದ್ದಿ ಹದ ಕೊಟ್ಟರೆ ಮಚ್ಚೂ ಆಗುತ್ತದೆ, ಈಳಿಗೆಯೂ ಆಗುತ್ತದೆ. ಯಾವ ತುಂಡು ಎಂಥದು ಎಂದು ತಿಳಿಯಲು ಅವರು ಸಾಣೆಚಕ್ರಕ್ಕೆ ಒತ್ತಿ ಕಿಡಿ ನೋಡುತ್ತಾರೆ. ಕಿಡಿ ಉದ್ದಕ್ಕೆ ಹಾರಿ ಸುಮ್ಮನೆ ಆರಿದರೆ ಮೆತ್ತನೆಯದು, ತುದಿಯಲ್ಲಿ ಕವಲೊಡೆದು ಸಿಡಿದರೆ ಗಟ್ಟಿಯದು.

ತುಕ್ಕು ಹಿಡಿಯದ ಉಕ್ಕು ಶೆಫೀಲ್ಡಿನದು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದಂತೆ ಮಾಡಲು ಹೊರಟು, ನೂರಕ್ಕೆ ಸುಮಾರು 13 ಪಾಲು ಕ್ರೋಮಿಯಂ ಬೆರೆತ ಉಕ್ಕಿಗೆ ಆಮ್ಲ ತಾಗುವುದಿಲ್ಲ ಎಂದು ಕಂಡುಕೊಂಡ. ಊರಿನ ಚಾಕು ತಯಾರಕರು ಮೊದಲು ಅವನನ್ನು ಕುಯ್ಯದ ಚಾಕು ಕಂಡುಹಿಡಿದವನು ಎಂದು ಹಂಗಿಸಿದರು. ಕಾಯಿಸಿ ತಣಿಸುವ ಕ್ರಮ ಸರಿಹೋದ ಮೇಲೆ ಅದು ಕುಯ್ಯಿತು. ನಮ್ಮಲ್ಲಿ ಗ್ಯಾಸ್ ಒಲೆ, ನಿಂತು ಅಡುಗೆ ಮಾಡುವ ಕಟ್ಟೆ ಬಂದು ಈಳಿಗೆ ಅಟ್ಟ ಸೇರಿದ ಮೇಲೆ ಆ ಜಾಗಕ್ಕೆ ಬಂದದ್ದು ಈ ಹೊಳೆಯುವ ಚಾಕು. ಜೊತೆಗೆ ಹೊಳೆಯುತ್ತದೆಂದರೆ ಹರಿತ ಎಂಬ ಭ್ರಮೆಯೂ ಬಂತು.

ಅಕ್ಕನ ಮಗಳಿಗೆ ಕೊನೆಗೆ ಹೇಳಿದ್ದು ಹೀಗೆ. ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಇಟ್ಟುಕೋ. ತಟ್ಟೆ ಲೋಟದ ಸ್ಟೀಲಿಗೆ ಅದು ಹೆಚ್ಚಾಗಿ ಅಂಟುವುದಿಲ್ಲ, ಹದ ಹಿಡಿಯುವ ಚಾಕುವಿನ ಸ್ಟೀಲಿಗೆ ಅಂಟುತ್ತದೆ. ಅಂಟದಿದ್ದರೆ ಅದು ಪಾತ್ರೆಯ ತಗಡಿನಿಂದ ಕತ್ತರಿಸಿದ್ದು, ಬಿಟ್ಟುಬಿಡು. ಅಂಟಿದ ಮಾತ್ರಕ್ಕೆ ಒಳ್ಳೆಯದೆಂದೂ ಅಲ್ಲ. ಅಲಗು ಹಿಡಿಯೊಳಗೆ ಕೊನೆಯವರೆಗೂ ಹೋಗಿ ರಿವೆಟ್ ಹೊಡೆದಿದೆಯೇ ನೋಡು. ಬೆನ್ನಿನಿಂದ ಬಾಯಿಗೆ ಬರುತ್ತಾ ತೆಳ್ಳಗಾಗಬೇಕು, ಎಲ್ಲ ಕಡೆ ಒಂದೇ ದಪ್ಪವಿದ್ದರೆ ಕುಂಬಳಕಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಗರಗಸದ ಹಲ್ಲಿನದು ಬ್ರೆಡ್ಡಿಗೆ ಸಾಕು, ಸಾಣೆಯವನು ಅದನ್ನು ಮುಟ್ಟುವುದಿಲ್ಲ. ಎಂಟು ಚಾಕುವಿನ ಸೆಟ್ಟು ಬೇಡ. ದೊಡ್ಡದೊಂದು, ಚಿಕ್ಕದೊಂದು, ಉಳಿದ ದುಡ್ಡಿಗೆ ಒಂದು ಸಾಣೆಕಲ್ಲು.

"ಇಷ್ಟು ಹೇಳೋಕೆ ಟಿಪ್ಪು ಸುಲ್ತಾನ್ ಯಾಕ್ ಬೇಕಿತ್ತು ಮಾವ?" ಅಂದಳು.

ಅವಳು ಸಾಣೆಕಲ್ಲು ಕೊಂಡಿಲ್ಲ, ಚಾಕು ಕೊಂಡಿದ್ದಾಳೆ. ನಾನು ಕೊರಟಗೆರೆಯ ಕುಲುಮೆಗೆ ಹೋಗಿ ಅವಳಿಗೊಂದು ಈಳಿಗೆ ಹೇಳಿ ಬಂದೆ. ಆಚಾರ್ರು ಕೇಳಿದ್ದು ಒಂದೇ: "ಕಾಯಿ ತುರಿಯೋಕೂ ಬೇಕಾ, ಬರೀ ಹೆಚ್ಚೋಕಾ ಮೇಷ್ಟ್ರೇ? ಹಲ್ಲು ಬೇಕಂದ್ರೆ ಇನ್ನೆರಡು ದಿನ ಆಯ್ತದೆ."