ಶರಣರ ರೂಪಕಗಳಲ್ಲಿ ಉಡುಗೆ-ತೊಡುಗೆ

ಬಸವ ಜಯಂತಿಯ ಸಾರ್ವಜನಿಕ ಆಚರಣೆಯು 1913ರಲ್ಲಿ ಹರ್ಡೇಕರ ಮಂಜಪ್ಪನವರ ಪ್ರಯತ್ನದಿಂದ ದಾವಣಗೆರೆಯಲ್ಲಿ ಆರಂಭವಾಯಿತು. ಮುಂದೆ ಅದು ಊರೂರಿಗೆ ಹಬ್ಬಿದಂತೆ, ಶರಣರ ಜೀವನವನ್ನು ರೂಪಕಗಳಲ್ಲಿ ತೋರಿಸುವ ಪದ್ಧತಿಯೂ ಬೆಳೆಯಿತು. ಇದಕ್ಕಾಗಿ ಸದ್ಭಕ್ತರು ಶ್ರದ್ಧೆಯಿಂದ ಉಡುಪುಗಳನ್ನು ಹೊಲಿಸುತ್ತಾರೆ. ಆದರೆ ಬಸವಣ್ಣನವರಿಗೆ ಜರತಾರಿಯ ಮಖಮಲ್ಲಿನ ಅಂಗಿ, ಮಡಿವಾಳ ಮಾಚಯ್ಯನವರಿಗೂ ಅಂಥದೇ ನಿಲುವಂಗಿ ತೊಡಿಸಿದಾಗ ಮಕ್ಕಳ ಮನಸ್ಸಿನಲ್ಲಿ ಮೂಡುವುದು ಕಲ್ಯಾಣದ ಚಿತ್ರವಲ್ಲ. ನಾಟಕ ಕಂಪನಿಯ ದರ್ಬಾರಿನ ಚಿತ್ರ. ಆದ್ದರಿಂದ 12ನೆಯ ಶತಮಾನದ ಉಡುಗೆಯ ಬಗೆಗೆ ವಿಚಾರಿಸುವುದು ಅವಶ್ಯ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) 'ಮಾನಸೋಲ್ಲಾಸ'ದಲ್ಲಿ ವಸ್ತ್ರಗಳಿಗೆಂದೇ ಮೀಸಲಾದ ಭಾಗವಿದೆ. ಹತ್ತಿ, ರೇಷ್ಮೆ, ಉಣ್ಣೆಗಳ ಬಟ್ಟೆಗಳನ್ನೂ ಋತುವಿಗೆ ತಕ್ಕ ಉಡುಗೆಯನ್ನೂ ಅದು ವರ್ಣಿಸುತ್ತದೆ. ಆದರೆ ಅದು ಅರಮನೆಯ ಮಾತು. ಇಟಗಿಯ ಮಹಾದೇವ (1112), ಬೇಲೂರಿನ ಚೆನ್ನಕೇಶವ (1117) ದೇವಾಲಯಗಳ ಶಿಲ್ಪಗಳಲ್ಲಿಯೂ ಆಭರಣಗಳದೇ ಮೆರುಗು. ಸಾಮಾನ್ಯರ ಉಡುಗೆಯನ್ನು ಅರಿಯಲು ನಮ್ಮ ಊರುಗಳ ವೀರಗಲ್ಲುಗಳು ಹೆಚ್ಚು ನೆರವಾಗುತ್ತವೆ. ಅಲ್ಲಿ ಹೋರಾಡುವವನು ಬಹುಮಟ್ಟಿಗೆ ಸೊಂಟಕ್ಕೆ ಬಿಗಿದ ಗಿಡ್ಡ ಬಟ್ಟೆಯಲ್ಲಿಯೇ ಇರುತ್ತಾನೆ.

ಹಾಗೆಂದು ಹೊಲಿದ ಬಟ್ಟೆ ಆಗ ಇರಲೇ ಇಲ್ಲವೆನ್ನಲಾಗದು. ಅಜಂತೆಯ ಚಿತ್ರಗಳಲ್ಲಿ ತೋಳಿರುವ ಅಂಗಿಗಳಿವೆ. 'ಅಮರಕೋಶ'ದಲ್ಲಿ 'ಕಂಚುಕ', 'ಕೂರ್ಪಾಸಕ' ಎಂಬ ಪದಗಳಿವೆ. ನಮ್ಮ 'ಕುಪ್ಪಸ' ಈ ಕೂರ್ಪಾಸಕದ ತದ್ಭವ. ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ವಚನಕಾರರಲ್ಲಿಯೇ ಇದೆ. ಸೂಜಿಕಾಯಕದ ರಾಮಿತಂದೆಗಳ ಹೆಸರೇ ಹೊಲಿಗೆಯು ಅಂದು ಗೌರವದ ಕಾಯಕವಾಗಿತ್ತೆಂದು ಸಾರುತ್ತದೆ.

ಇದರಿಂದ ರೂಪಕ ಮಾಡುವವರಿಗೆ ದಾರಿ ತಿಳಿಯುತ್ತದೆ. ಗಂಡಸರಿಗೆ ಹೊಲಿಯದ ಧೋತರ, ಮೇಲೊಂದು ಉತ್ತರೀಯ ಸಾಕು. ಹೆಂಗಸರಿಗೆ ಸೀರೆ ಮತ್ತು ಸಾದಾ ಕುಪ್ಪಸ. ಬಟ್ಟೆ ಕೈಮಗ್ಗದ್ದಾಗಿರಲಿ. ರಾಸಾಯನಿಕ ಬಣ್ಣಗಳು ಹುಟ್ಟಿದ್ದು 1856ರ ನಂತರ. ಆದ್ದರಿಂದ ನೀಲಿ, ಮಂಜಿಷ್ಠ, ಅರಿಸಿನಗಳ ಬಣ್ಣಗಳನ್ನು ಹೋಲುವಂಥವೇ ಇರಲಿ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ವಸ್ತ್ರ ತುಸು ನಯವಾಗಿರಬಹುದು; ಆದರೆ ಅವರು ಅರಸರಲ್ಲ, ಕಿರೀಟ ಬೇಡ; ಸಂನ್ಯಾಸಿಗಳಲ್ಲ, ಕಾವಿಯೂ ಬೇಡ. ಎಲ್ಲರ ಮೈಮೇಲೂ ಒಂದೇ ಆಗಿರಬೇಕಾದುದು ಇಷ್ಟಲಿಂಗ ಮತ್ತು ವಿಭೂತಿ.

ಇದು ಕೇವಲ ವೇಷದ ಪ್ರಶ್ನೆಯಲ್ಲ. ಅನುಭವ ಮಂಟಪದ ಹಿರಿಮೆಯೆಂದರೆ, ರಾಜ್ಯದ ಭಂಡಾರಿಯ ಸರಿಸಮನಾಗಿ ಅಗಸನೂ ನೇಕಾರನೂ ಚಮ್ಮಾರನೂ ಕುಳಿತದ್ದು. ಮಾಚಯ್ಯನವರ ಹೆಗಲಿನ ಮಡಿಬಟ್ಟೆಯ ಗಂಟು, ನೇಕಾರ ಶರಣರ ಕೈಯ ಲಾಳಿ, ಹರಳಯ್ಯನವರ ಮುಂದಿನ ಪಾದರಕ್ಷೆ ಕಂಡಾಗಲೇ ಆ ಸಮಾನತೆ ಕಣ್ಣಿಗೆ ಕಟ್ಟುತ್ತದೆ. ಎಲ್ಲರಿಗೂ ಒಂದೇ ಮಖಮಲ್ಲು ತೊಡಿಸಿದರೆ, ಬಡವನು ಬಡವನಾಗಿಯೇ ಪಡೆದ ಗೌರವ ಮರೆಯಾಗಿ, ಸಿರಿವಂತನಂತೆ ಕಂಡರೆ ಮಾತ್ರ ಗೌರವವೆಂಬ ತಪ್ಪು ಪಾಠ ಉಳಿಯುತ್ತದೆ.

ಉಡುಪನ್ನು ಬಾಡಿಗೆಗೆ ತರುವ ಹಣದಲ್ಲಿ ಊರಿನ ನೇಕಾರನಿಂದ ಬಟ್ಟೆ ಕೊಂಡು, ಊರಿನ ಸಿಂಪಿಗನಿಂದಲೇ ಕುಪ್ಪಸ ಹೊಲಿಸಿ, ಅವನ ಕೂಲಿಯನ್ನು ಅಂದೇ ಸಲ್ಲಿಸಿದರೆ, ರೂಪಕವು ವೇದಿಕೆ ಏರುವ ಮೊದಲೇ ಶರಣರ ಕಾಯಕತತ್ತ್ವಕ್ಕೆ ಗೌರವ ಸಲ್ಲಿಸಿದಂತಾಗುತ್ತದೆ.